ಐವತ್ಮೂರು ಗ್ರಾಂ ಸೋಡಾ

ಅನುಸೂಯಮ್ಮ ಬಿ.ದುರ್ಗದಿಂದ ಮೊದಲ ಬಸ್ಸು ಹಿಡಿದು ಹೊಳಲ್ಕೆರೆಯಲ್ಲಿ ಇಳಿದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ. ಕಾಲೇಜಿನ ಗೇಟು ತೆಗೆಯುತ್ತಿದ್ದ ಜವಾನ ಜಂಪಣ್ಣನಿಗೆ ಆಶ್ಚರ್ಯವಾಯಿತು.

"ಏನಮ್ಮ, ಪರೀಕ್ಷೆ ಒಂಬತ್ತಕ್ಕಲ್ವಾ? ಈಗ್ಲೇ ಬಂದುಬಿಟ್ಟೆ?"

"ಲ್ಯಾಬಿನ ಬೀಗದ ಕೈ ಕೊಡಣ್ಣ ಮೊದ್ಲು," ಎಂದವಳೇ ಕಸಿದುಕೊಂಡಂತೆ ತೆಗೆದುಕೊಂಡು ಹೋದಳು.

ತೊಂಬತ್ತೆಂಟನೇ ಇಸವಿ. ಅಂದು ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಾಕ್ಟಿಕಲ್ ಪರೀಕ್ಷೆ. ಎಸ್ಸೆಸ್ಸೆಲ್ಸಿ ಓದಿದ್ದ ಅನುಸೂಯಮ್ಮ ಆ ಲ್ಯಾಬಿಗೆ ಅಟೆಂಡರಾಗಿ ಸೇರಿ ಹನ್ನೊಂದು ವರ್ಷ ಕಳೆದಿತ್ತು. ಯಾವ ದ್ರಾವಣಕ್ಕೆ ಎಷ್ಟು ಗ್ರಾಂ ಎಂದು ಉಪನ್ಯಾಸಕ ಶಿವಕುಮಾರಪ್ಪ ಬರೆದುಕೊಟ್ಟ ಪಟ್ಟಿ ಬೀರುವಿನ ಬಾಗಿಲಿಗೆ ಅಂಟಿಸಿತ್ತು. ಅದರಂತೆ ತೂಗಿ ಕರಗಿಸುವುದು ಅವಳ ಕೆಲಸ.

ನಿನ್ನೆ ಸೋಡಾದ, ಅಂದರೆ ಸೋಡಿಯಂ ಕಾರ್ಬೊನೇಟಿನ, ಹಳೆಯ ಸೀಸೆ ಖಾಲಿಯಾಗಿತ್ತು. ಹೊಸದರ ಮುಚ್ಚಳ ತೆಗೆದು ಐವತ್ಮೂರು ಗ್ರಾಂ ತೂಗಿ, ಹತ್ತು ಲೀಟರ್ ನೀರಿಗೆ ಹಾಕಿದ್ದಳು. ಹಳೆಯದು ಹಿಟ್ಟಿನಂತಿರುತ್ತಿತ್ತು, ಇದು ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು. ಗಂಟು ಕಟ್ಟಿರಬೇಕು ಅಂದುಕೊಂಡಳು. ಆದರೆ ಮನೆಗೆ ಹೋದ ಮೇಲೆ ಅನ್ನ ಸೇರಲಿಲ್ಲ. ಗಂಟು ಕಟ್ಟಿದ ಹಿಟ್ಟು ಹಾಗೆ ಹೊಳೆಯುತ್ತದೆಯೇ?

ಈಗ ಹೊಸ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೋಡಾದ ಸೂತ್ರದ ಕೊನೆಗೆ 10H₂O, ಅಂದರೆ ಜೊತೆಗೆ ನೀರು; ಅಣುತೂಕ ೨೮೬. ಕಸದ ಬುಟ್ಟಿಯಿಂದ ಹಳೆಯ ಸೀಸೆ ಹುಡುಕಿ ತೆಗೆದಳು. ೧೦೬. ನೀರಿನ ಮಾತೇ ಇರಲಿಲ್ಲ.

ಆ ಅಂಕಿ ಏನೆಂಬುದು ಅವಳಿಗೆ ಗೊತ್ತಿತ್ತು. ಪ್ರತಿವರ್ಷ ಪಕ್ಕದ ಕೋಣೆಯ ಪಾಠ ಗೋಡೆಯಾಚೆಯಿಂದ ಕಿವಿಗೆ ಬೀಳುತ್ತಿತ್ತು. ಮೋಲ್ ಎಂದರೆ ಕಣಗಳ ಒಂದು ಎಣಿಕೆ. ಅಷ್ಟು ಕಣಗಳ ತೂಕ ಒಂದೊಂದು ವಸ್ತುವಿಗೆ ಒಂದೊಂದು. ಗ್ರಾಂ ಅನ್ನು ಆ ಅಂಕಿಯಿಂದ ಭಾಗಿಸಿದರೆ ಮೋಲ್, ಮೋಲನ್ನು ಅದರಿಂದ ಗುಣಿಸಿದರೆ ಗ್ರಾಂ. ಸೀಮೆಸುಣ್ಣ ತೆಗೆದುಕೊಂಡು ಕಲ್ಲಿನ ಮೇಜಿನ ಮೇಲೇ ಬರೆದಳು. ಹಳೆಯ ಸೋಡಾದ ಐವತ್ಮೂರು ಗ್ರಾಂ ಅಂದರೆ ಅರ್ಧ ಮೋಲ್. ಹೊಸದರ ಅರ್ಧ ಮೋಲಿಗೆ ನೂರ ನಲವತ್ಮೂರು ಗ್ರಾಂ ಬೇಕು. ತೊಂಬತ್ತು ಗ್ರಾಂ ಕಡಿಮೆ ಬಿದ್ದಿದೆ!

ಲೆಕ್ಕವೇ ತಪ್ಪಿದ್ದರೆ? ಅಳತೆಯ ಗಾಜಿನ ಕೊಳವೆ ಬ್ಯುರೆಟ್ಟಿಗೆ ಆಮ್ಲ ತುಂಬಿ, ಬಣ್ಣದ ಸೂಚಕದ ಎರಡು ಹನಿ ಹಾಕಿದ ಹತ್ತು ಮಿಲಿ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟಳು. ಹತ್ತು ಮಿಲಿ ಆಮ್ಲದ ಹತ್ತಿರ ತಿರುಗಬೇಕಾದ ಬಣ್ಣ ಮೂರು ಮುಕ್ಕಾಲಕ್ಕೆ ಮೊದಲೇ ಹಳದಿಯಿಂದ ಗುಲಾಬಿಗೆ ತಿರುಗಿತು.

ಶಿವಕುಮಾರಪ್ಪ ಹೊರಗಿನ ಪರೀಕ್ಷಕರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಅನುಸೂಯಮ್ಮ ತೊಂಬತ್ತು ಗ್ರಾಂ ತೂಗಿ ಕಾಗದದ ಮೇಲಿಟ್ಟಳು. ಕೇಳದೆ ಹಾಕುವ ಧೈರ್ಯ ಬರಲಿಲ್ಲ. ಬಾಗಿಲಿಗೆ ಹೋಗುವಳು, ಮೇಜಿಗೆ ಬರುವಳು, ಮತ್ತೆ ಬಾಗಿಲಿಗೆ. ಎಂಟೂವರೆಗೆ ಅವರು ಬಂದು ಪರೀಕ್ಷಕರನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರಿಸಿದ್ದೇ ತಡ, ಅವರೊಬ್ಬರನ್ನೇ ಲ್ಯಾಬಿಗೆ ಕರೆದಳು.

"ಸಾರ್, ಈ ಸೋಡಾ ಬೇರೆ ಐತ್ರಿ. ಒಳಗೆ ನೀರು ಐತೆ. ಸಿಪ್ಪೆ ಸಮೇತ ಶೇಂಗಾ ತೂಗಿದಂಗಾಗೈತೆ. ತೂಕ ಸರಿ ಐತೆ, ಕಾಳು ಕಡಿಮೆ ಬಿದ್ದಾವೆ."

"ಯಾರು ಹೇಳಿದ್ರು ನಿನಗೆ?"

"ಸೀಸೆ ಮೇಲೆ ಬರೆದೈತ್ರಿ. ಆಮ್ಲ ಬಿಟ್ಟೂ ನೋಡಿದೆ."

ಮೇಜಿನ ಮೇಲಿನ ಲೆಕ್ಕ ನೋಡಿದ ಶಿವಕುಮಾರಪ್ಪ ಸೀಸೆ ಎತ್ತಿ ಚೀಟಿ ಓದಿದರು. "ಸೀಸೆ ಬಂದಾಗ ಸಹಿ ಹಾಕಿದ್ದು ನಾನೇ. ನೋಡ್ಲೇ ಇಲ್ಲ. ಹಾಕಮ್ಮ, ಬೇಗ ಹಾಕು."

ಅವಳು ಸುರಿದಳು, ಅವರು ಕಲಕಿದರು. ಈ ಸಲ ಬ್ಯುರೆಟ್ ಹಿಡಿದವರು ಅವರೇ. ಒಂಬತ್ತು ಪಾಯಿಂಟ್ ಒಂಬತ್ತು. ಗಂಟೆ ಹೊಡೆಯಿತು, ಮಕ್ಕಳು ಒಳಗೆ ಬಂದರು.

ಸಂಜೆಯವರೆಗೂ ಅನುಸೂಯಮ್ಮ ಕೂರಲಿಲ್ಲ. ಒಬ್ಬೊಬ್ಬರ ಬೆನ್ನ ಹಿಂದೆ ನಿಂತು, ಬಣ್ಣ ಎಲ್ಲಿ ತಿರುಗುತ್ತದೆಂದು ಇಣುಕುತ್ತಿದ್ದಳು. ಎಲ್ಲರದೂ ಹತ್ತರ ಆಸುಪಾಸಿನಲ್ಲೇ ಬಂತು. ಕೊನೆಗೆ ಶಿವಕುಮಾರಪ್ಪ ಬೆಳಗಿನ ಸಂಗತಿಯನ್ನು ಮುಚ್ಚಿಡದೆ ಪರೀಕ್ಷಕರಿಗೆ ಹೇಳಿದರು. ಹಿರಿಯೂರಿನಿಂದ ಬಂದಿದ್ದ ಆ ಹಿರಿಯರು ನಕ್ಕು, "ನಮ್ಮ ಕಾಲೇಜಿಗೆ ಬರ್ತೀರೇನಮ್ಮ?" ಎಂದರು.

ಅನುಸೂಯಮ್ಮನಿಗೆ ನಗು ಬರಲಿಲ್ಲ. "ಸಾರ್, ನಾಳೆ ಬ್ಯಾಚಿನ ಆಕ್ಸಾಲಿಕ್ ಆಮ್ಲದ ಸೀಸೆನೂ ಹೊಸದೇ ಐತೆ. ಅದನ್ನೊಂದು ನೋಡಿಬಿಡಾಣ ಬರ್ರಿ," ಎನ್ನುತ್ತ ಬೀರುವಿನ ಬಾಗಿಲು ತೆಗೆದಳು.