ಬೀಗರಾಗುವ ಮೊದಲು ಗೋಕಾಕ ಪೇಟೆಯಲ್ಲಿ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಊರಿಗೆ ಗುಟ್ಟಾಗಿ ಹೋಗಿ ಮನೆತನ ವಿಚಾರಿಸಿಕೊಂಡು ಬರುವ ರೂಢಿಯಿದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಸೋದರಮಾವನನ್ನು ಕಳಿಸುತ್ತಾರೆ. ನನ್ನ ಮಗಳ ವಿಷಯದಲ್ಲಿ ನಾನು ಅವನನ್ನೂ ನಂಬಲಿಲ್ಲ. ಹುಕ್ಕೇರಿಯಿಂದ ಬೆಳಗಿನ ಬಸ್ಸು ಹಿಡಿದು ನಾನೇ ಗೋಕಾಕಕ್ಕೆ ಹೋದೆ. ಗಂಡಿನವರದು ಅಲ್ಲಿ ಅಜ್ಜನ ಕಾಲದ ಬಟ್ಟೆ ಅಂಗಡಿ, ಮೂಡಲಗಿಯಲ್ಲಿ ಇನ್ನೊಂದು. ಹುಡುಗ ಬಂದು ನೋಡಿ ಒಪ್ಪಿ ಹೋಗಿದ್ದ. ಹೂಂ ಅನ್ನಬೇಕಾದವನು ನಾನೊಬ್ಬನೇ ಉಳಿದಿದ್ದೆ.

ಹಳೆಯ ವ್ಯಾಪಾರದ ಊರುಗಳೆಂದರೆ ನನಗೆ ಮೊದಲಿನಿಂದಲೂ ಗುಮಾನಿ. ಅಲ್ಲಿ ನಗುವಿಗೂ ಒಂದು ದರ ಇರುತ್ತದೆ. ಆದರೂ ಪೇಟೆಯ ಇಕ್ಕಟ್ಟಾದ ಓಣಿ, ಮಾಳಿಗೆಯ ಮರದ ಕಿಟಕಿಗಳು, ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ನನಗೆ ಹಿಡಿಸಿದವು, ಸುಳ್ಳು ಯಾಕೆ ಹೇಳಲಿ. ಕರದಂಟಿನ ಅಂಗಡಿಯವನು ಕೇಳದೆಯೇ ಒಂದು ತುಣುಕು ಕೈಗಿಟ್ಟ. ಬಹಳ ರುಚಿಯಾಗಿತ್ತು. ಪುಕ್ಕಟೆ ಯಾಕೆ ಕೊಟ್ಟನೆಂದು ಯೋಚಿಸುತ್ತಲೇ ಅಗಿದೆ.

ಗಂಡಿನವರ ಅಂಗಡಿಯ ಎದುರಿಗೆ ಪಾತ್ರೆ ಅಂಗಡಿಯೊಂದಿತ್ತು. ಒಳಗೆ ಕೂತು ಒಂದು ತಂಬಿಗೆ ಕೇಳಿದೆ. ವಯಸ್ಸಾದ ಯಜಮಾನರು ಬೆಲೆ ಹೇಳಿದರು. ಆಯಿತೆಂದು ತಲೆಯಾಡಿಸಿ, "ಎದುರಿನ ಬಟ್ಟಿ ಅಂಗಡ್ಯಾವ್ರು ಹೆಂಗ್ರಿ?" ಎಂದೆ.

ಅವರು ತಂಬಿಗೆಯನ್ನು ಕೆಳಗಿಟ್ಟು ನಕ್ಕರು. "ಹೆಣ್ಣಿನ ಕಡ್ಯಾವ್ರೇನ್ರಿ?"

"ಹೆಂಗ ಗೊತ್ತಾತ್ರಿ?"

"ಖರೇನ ತಂಬಗಿ ತಗೊಳಾಕ ಬಂದವ್ರು ಚೌಕಾಸಿ ಮಾಡದ ಬಿಡ್ತಾರೇನ್ರಿ? ಇರ್ಲಿ, ಚಾ ಕುಡೀರಿ. ಭಾಳ ಚಲೋ ಮಂದಿ ಅದಾರ. ಕಣ್ಣ ಮುಚ್ಚಿ ಕೊಡ್ರಿ."

ಕಣ್ಣು ಮುಚ್ಚು ಎಂದವರ ಮುಂದೆ ನಾನು ರೆಪ್ಪೆ ಕೂಡ ಬಡಿಯುವವನಲ್ಲ. ಅಲ್ಲಿಂದ ಕಿರಾಣಿ ಅಂಗಡಿಗೆ ಹೋದೆ, ದರ್ಜಿಯ ಹತ್ತಿರ ಹೋದೆ. ಸುದ್ದಿ ನನಗಿಂತ ಮುಂದೆ ಓಡಿತ್ತು. ಎಲ್ಲೆಡೆ ಚಹಾ, ಎಲ್ಲೆಡೆ ಹೊಗಳಿಕೆ. ಕುಡಿತ ಇಲ್ಲ, ಜಗಳ ಇಲ್ಲ, ಹುಡುಗ ಬಂಗಾರ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದುಕೊಂಡೆ. ಒಂದೇ ಪೇಟೆಯವರು ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಾರೆಯೇ? ಅದೇ ಗುಮಾನಿಯಲ್ಲಿ ಮೂಡಲಗಿಗೂ ಹೋದೆ. ಅಲ್ಲಿ ಅವರ ಎದುರಾಳಿ ವ್ಯಾಪಾರಿಯನ್ನೇ ಹುಡುಕಿ ಕೇಳಿದೆ. ಅವನು ಮುಖ ಗಂಟಿಕ್ಕಿ, "ನನ್ನ ಗಿರಾಕಿ ಕಸಗೊಂಡಾರ್ರಿ. ಆದ್ರ ಮನಿತನಕ್ಕ ಹೆಸರ ಇಡಾಕ ಬರಂಗಿಲ್ಲ" ಎಂದ. ವೈರಿಯ ಬಾಯಿಂದ ಬಂದ ಆ ಮೆಚ್ಚುಗೆಗೆ ನಾನು ಸೋತೆ.

ಸಂಜೆ ಮನೆಗೆ ಬಂದಾಗ ಮಗಳು ಹೊಲಿಗೆ ಯಂತ್ರದ ಮುಂದಿದ್ದಳು. ಓಣಿಯ ಹೆಂಗಸರೆಲ್ಲ ಕುಪ್ಪಸ ಹೊಲಿಸಲು ಅವಳ ಹತ್ತಿರವೇ ಬರುತ್ತಾರೆ. "ಎಲ್ಲಾ ಕೇಳಿ ಬಂದೆ, ಒಂದ ಹುಳುಕ ಇಲ್ಲ. ನಾಳೆ ಹೂಂ ಅಂತ ಹೇಳ್ತೀನಿ" ಎಂದೆ.

"ನನ್ನ ಕೇಳೂದಿಲ್ಲೇನು?"

"ಹೇಳವಾ."

"ನೋಡಾಕ ಬಂದ ದಿನಾನ ಅಂವ ಅಂದಾನ, ಮದುವಿ ಆದ ಮ್ಯಾಲ ಮಷಿನ್ ಮುಟ್ಟಬಾರ್ದಂತ. ನಾ ಒಲ್ಲೆ."

ನನಗೆ ಸಿಟ್ಟು ಬಂತು. "ಅವತ್ತ ಯಾಕ ಹೇಳಲಿಲ್ಲ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ನೀ ಯಾರ ಮಾತರ ನಂಬ್ತಿ ಅಂತ ಅವತ್ತ ಹೇಳ್ಬೇಕಿತ್ತಪ್ಪಾ?"