ಕೊಕ್ಕರೆ ಹೋದ ಮೇಲಿನ ಸ್ವರ

ಅಮರೇಶಪ್ಪ ಸರ್ ಅವರ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಸಂತೆಕಲ್ಲೂರಿಗೆ ಹೋಗುವ ಆಟೋದಲ್ಲಿ ಒತ್ತಿಕೊಂಡು ಕೂತಿದ್ದರೂ ಮೊಣಕಾಲ ಮೇಲೆ ಇಲ್ಲದ ತೂತುಗಳನ್ನು ಮುಚ್ಚುತ್ತ ತೆರೆಯುತ್ತ ಇರುತ್ತಿದ್ದರು. ಅವರ ವಾದ್ಯ ಬಿಳಿ ಪ್ಲಾಸ್ಟಿಕ್ಕಿನ ರೆಕಾರ್ಡರ್. ಕೊಳಲಿನಂತೆ ಅಡ್ಡ ಹಿಡಿಯದೆ ನೆಟ್ಟಗೆ ಹಿಡಿದು ಊದುವ ಅದಕ್ಕೆ ಮಸ್ಕಿಯ ಮಂದಿ ಪೀಪಿ ಎಂದರು. ನಮ್ಮ ಶಾಲೆಯ ಸಂಗೀತ ಮಾಸ್ತರರಾಗಿದ್ದ ಅವರು ಪೀಪಿ ಸರ್ ಆದರು. ಅದಕ್ಕೆ ಬೇಸರಪಟ್ಟವರಲ್ಲ.

ಲಿಂಗಸುಗೂರಿನ ಗ್ರಂಥಾಲಯದಲ್ಲಿ ಅವರಿಗೆ ಜಪಾನಿನ ಮೂರು ಸಾಲಿನ ಪದ್ಯಗಳ ಕನ್ನಡ ಅನುವಾದ ಸಿಕ್ಕಿತು ನೋಡಿ, ಅಲ್ಲಿಂದ ಅದೇ ಹುಚ್ಚು. ತಬಲಾ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ, ಆ ಪದ್ಯಗಳ ಹಾಗೆಯೇ ಪುಟ್ಟದಾದ, ಒಬ್ಬರೇ ಊದುವ ರಚನೆಗಳನ್ನು ಕಟ್ಟಿದರು. ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಪ್ರಾಣವಾದದ್ದು ಒಂದೇ: ವಳಕಮದಿನ್ನಿಯ ಭತ್ತದ ಗದ್ದೆಯಿಂದ ಕೊಕ್ಕರೆ ಎದ್ದು ಹೋಗುವುದು. ಹಕ್ಕಿ ಹಾರುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಒಂದೇ ಒಂದು ಸ್ವರ ಎಂದು ಅವರೇ ಹೇಳಿದ್ದರು.

ಆ ಸ್ವರವನ್ನು ಯಾರೂ ಕೇಳಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವರು ನಿಲ್ಲಿಸುತ್ತಲೇ ಮುಗಿಯಿತೆಂದು ಚಪ್ಪಾಳೆ ಬಿತ್ತು, ನಿರೂಪಕ ಮೈಕು ಹಿಡಿದೇಬಿಟ್ಟ. ಸಿಂಧನೂರಿನ ಸಭೆಯಲ್ಲಂತೂ ಆ ಬಿಡುವಿನಲ್ಲೇ ಶಾಲು ಹೊದಿಸಿ ಕಳಿಸಿದರು. ಕೊನೆಯದೊಂದನ್ನು ನನಗಾದರೂ ಊದಿ ತೋರಿಸಿ ಎಂದು ಗಂಟುಬಿದ್ದೆ.

"ಸುಮ್ಮಗಿದ್ದದ್ದು ಕೇಳಿದವ್ರಿಗಷ್ಟ ಆ ಸ್ವರ ಕೇಳಸ್ತೈತಿ, ತಮ್ಮಾ. ಬಿಡಿಸಿ ಕೊಟ್ರ ಅದು ಬರೇ ಪೀಪಿ" ಎಂದರು.

ಆಮೇಲೆ ಅವರಿಗೆ ದಮ್ಮು ಹತ್ತಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಡೆಯ ಸಲ ಅವರ ಮನೆಗೆ ಹೋದಾಗ ತಾವೇ ಎದುರಿಗೆ ಕೂರಿಸಿಕೊಂಡು ಊದಿದರು. ಹಕ್ಕಿ ಹೋಯಿತು. ನಾನು ಅಲುಗದೆ ಕೂತೆ. ಮನೆಯಲ್ಲಿ ಸದ್ದೇ ಇರಲಿಲ್ಲ. ಅವರು ರೆಕಾರ್ಡರನ್ನು ಮತ್ತೆ ತುಟಿಗಿಟ್ಟರು; ಬಂದದ್ದು ಕೆಮ್ಮು. ಎಷ್ಟೋ ಹೊತ್ತಿನ ಮೇಲೆ ಬಾಯಿ ಒರೆಸಿಕೊಂಡು, "ನೀ ಕಾದಿ. ದಮ್ಮ ಕಾಯಲಿಲ್ಲ ನೋಡು" ಎಂದರು.

ಅವರು ತೀರಿಕೊಂಡಾಗ, ಕೂರಿಸಿದ ದೇಹದ ಮುಂದೆ ಬೆಳಗಿನಿಂದ ಭಜನೆ ನಡೆದಿತ್ತು. ಹಾರ್ಮೋನಿಯಂ, ತಾಳ, ಒಂದು ಪದ ಮುಗಿಯುವ ಮೊದಲೇ ಇನ್ನೊಂದು. ನನಗೆ ಸಂಕಟ ತಡೆಯಲಾಗದೆ, ಒಂದು ಗಳಿಗೆ ನಿಲ್ಲಿಸಬಹುದೇ ಎಂದು ಭಜನೆಯ ಹಿರಿಯರನ್ನು ಕೇಳಿದೆ.

"ಹೆಣ ಎತ್ತೂತನಕ ಭಜನಿ ನಿಲ್ಲಬಾರದಪಾ" ಎಂದರು ಅವರು, ಮೆತ್ತಗೆ. "ಸಂಗೀತದ ಮನಶ್ಯಾ ಅಂವ. ಸುಮ್ಮಗ ಹೆಂಗ ಕಳಸೋದು?"

ನನ್ನ ಕೈಗೂ ಒಂದು ಜೋಡಿ ತಾಳ ಕೊಟ್ಟರು. ಬಾರಿಸಿದೆ.