ಕುಂಕುಮ ಹಚ್ಚಿದ ಏರ್ ರೈಫಲ್

ಪೂಜೆ ಮಾಡಿದ ವಸ್ತುವನ್ನು ಹಾಗೇ ರಿಪೇರಿಗೆ ಕಳಿಸಿ ನೀವೂ ಪೇಚಿಗೆ ಸಿಕ್ಕಿದ್ದೀರಾ? ನಾನು ಸಿಕ್ಕಿದ್ದೆ.

ಡ್ರೆಸ್ಡೆನ್‌ನ ಶೂಟಿಂಗ್ ಕ್ಲಬ್‌ನಲ್ಲಿ ನನಗೆ ಗುರಿ ಹಿಡಿಯಲು ಕಲಿಸಿದ ಜರ್ಮನ್ ಅಜ್ಜ, ಕಣ್ಣು ಮಂಜಾದ ಮೇಲೆ ತಮ್ಮ ಏರ್ ರೈಫಲ್ಲನ್ನು ನನಗೇ ಮಾರಿದ್ದರು. ಆಯುಧಪೂಜೆಯ ಮರುವಾರ ಅದರ ಗಾಳಿ ಸೋರತೊಡಗಿತು. ಅದು ಕೆಟ್ಟರೆ ಅಜ್ಜನಿಗೆ ಹೇಗೆ ಮುಖ ತೋರಿಸಲಿ? ತಯಾರಿಸಿದ ಕಂಪನಿಗೇ ಕಳಿಸಿದೆ.

ಅಲ್ಲಿನ ಸರ್ವಿಸ್ ಹೆಂಗಸು ಫೋನ್ ಮಾಡಿದರು. "ಸೆಕೆಂಡ್ ಹ್ಯಾಂಡ್ ಆದ್ರೂ ವಾರಂಟಿ ಇದೆ. ಆದ್ರೆ ನಳಿಕೆ ತುಂಬಾ ತುಕ್ಕು. ತುಕ್ಕಿಗೆ ವಾರಂಟಿ ಇಲ್ಲ."

"ತುಕ್ಕಲ್ಲ ಮೇಡಂ, ಕುಂಕುಮ! ನಮ್ಮ ಹಬ್ಬಕ್ಕೆ ಹಚ್ಚೋ ಕೆಂಪು ಪುಡಿ. ಪೂಜೆ ಮಾಡಿದ್ದೆ. ಒರೆಸಿ ನೋಡಿ."

"ಅರೆ, ಒರೆಸಿದ್ರೆ ಹೋಯ್ತು! ಪೂಜೆ ಮಾಡ್ತೀರಿ, ಎಣ್ಣೆ ಮಾತ್ರ ಹಾಕಲ್ಲ!"

ವಾಷರ್ ಬದಲಿಸಿ ಪುಕ್ಕಟೆ ಕಳಿಸಿದರು. ಅದನ್ನು ಒಯ್ದು ಅಜ್ಜನ ಕೈಗಿಟ್ಟೆ. ಗುರಿ ಕಾಣದಿದ್ದರೂ ಅವರು ರೈಫಲ್ಲನ್ನು ಕೆನ್ನೆಗೊತ್ತಿ ಬಹಳ ಹೊತ್ತು ಕೂತಿದ್ದರು. ಈಗ ಅವರಿಲ್ಲ. ನಿಮಗೂ ಹೀಗೇನಾದರೂ ಆಗಿದ್ದರೆ ನಾಚಿಕೆ ಬಿಟ್ಟು ಕೆಳಗೆ ಬರೆಯಿರಿ.